ಹಳೆಯ ಲೈಫ್‌ಗಾರ್ಡ್ ಗೋಪುರವನ್ನು ಕೆಡವುವುದು ಸರಿ, ಅದರ ಬದಲು ಏನು ಬರಬೇಕು, ಎಲ್ಲಿ ಬರಬೇಕು?

ಗಾಳಿಮರದ ಮನೆ
ನಮ್ಮೂರು ಉತ್ತರ ಕನ್ನಡದ ಕಡಲ ತಡಿಯಲ್ಲಿದೆ. ಊರಿನ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಯಾರ ಮೇಲೂ ದೂರು ಹೇಳುವ ಉದ್ದೇಶ ನನಗಿಲ್ಲ, ತಿಳಿದವರ ಸಲಹೆ ಬೇಕಾಗಿದೆ. ತೀರದಲ್ಲಿ ಸುಮಾರು ಇಪ್ಪತ್ತು ವರ್ಷಗಳ ಹಿಂದೆ ಕಟ್ಟಿದ ಲೈಫ್‌ಗಾರ್ಡ್ ಗೋಪುರವೊಂದಿದೆ. ಅದರ ಕಬ್ಬಿಣದ ಏಣಿಯ ಎರಡು ಮೆಟ್ಟಿಲುಗಳು ತುಕ್ಕು ಹಿಡಿದು ಕಳಚಿವೆ, ಕಂಬದ ಕಾಂಕ್ರೀಟು ಬಿರಿದು ಒಳಗಿನ ಸರಳುಗಳು ಕಾಣುತ್ತಿವೆ, ಮಾಡಿನ ತಗಡು ಹೋದ ಮಳೆಗಾಲದಲ್ಲಿ ಹಾರಿಹೋಯಿತು. ಹೀಗಾಗಿ ನಮ್ಮ ಇಬ್ಬರು ಲೈಫ್‌ಗಾರ್ಡುಗಳು ಗಾಳಿಮರದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕುಳಿತಿರುತ್ತಾರೆ. ಮುಳುಗುವವರನ್ನು ತೇಲಿಸಿ ಎಳೆದು ತರುವ ರೆಸ್ಕ್ಯೂ ಟ್ಯೂಬುಗಳನ್ನು ಇಡಲು ಬೇರೆ ಜಾಗವಿಲ್ಲದೆ, ಸುಮಾರು ಮುನ್ನೂರು ಮೀಟರ್ ಹಿಂದಿರುವ ಶೌಚಾಲಯದ ಉಗ್ರಾಣದಲ್ಲಿ ಬೀಗ ಹಾಕಿ ಇಡುತ್ತಾರೆ.

ಈಗ ಹಳೆಯದನ್ನು ಕೆಡವಿ ಅದೇ ಅಡಿಪಾಯದ ಮೇಲೆ ಎರಡು ಅಂತಸ್ತಿನ ಕಾಂಕ್ರೀಟ್ ಕಟ್ಟಡ ಕಟ್ಟುವ ಪ್ರಸ್ತಾಪ ಬಂದಿದೆ. ನಕ್ಷೆಯಲ್ಲಿ ಕೆಳಗೆ ಒಂದು ಅಂಗಡಿ ಮಳಿಗೆ, ಮೇಲೆ ಪ್ರವಾಸಿಗರ ವೀಕ್ಷಣಾ ಜಗಲಿ, ಅದರ ಒಂದು ಮೂಲೆಯಲ್ಲಿ ಲೈಫ್‌ಗಾರ್ಡುಗಳಿಗೆ ಕೋಣೆ ಇದೆ. ಮುಂದಿನ ಗ್ರಾಮಸಭೆಯಲ್ಲಿ ಇದಕ್ಕೆ ಒಪ್ಪಿಗೆ ಕೇಳುತ್ತಾರೆ. ಹಣ ಬಂದಿರುವಾಗ ಬೇಡವೆನ್ನುವುದು ಸರಿಯೋ, ಒಪ್ಪಿದರೆ ಇನ್ನು ಇಪ್ಪತ್ತು ವರ್ಷ ಇದನ್ನೇ ಅನುಭವಿಸಬೇಕಾಗುವುದೋ ಎಂಬುದು ನನಗೆ ತಿಳಿಯುತ್ತಿಲ್ಲ.

ಬೆಳಗಿನ ನಡಿಗೆ
ಬಂದ ಹಣವನ್ನು ಬಿಡಬೇಡಿ. ಒಮ್ಮೆ ವಾಪಸ್ಸು ಹೋದರೆ ಮತ್ತೆ ಬರುವುದಿಲ್ಲ.

ಕಟ್ಟೋಣ
ನಾನು ಲೋಕೋಪಯೋಗಿ ಕಾಮಗಾರಿಗಳಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಎಂಜಿನಿಯರ್. ಕಂಬ ಬಿರಿದದ್ದಕ್ಕೆ ಕಾರಣ ಹೇಳಿದರೆ ಮುಂದಿನ ನಿರ್ಧಾರ ನಿಮಗೇ ಸುಲಭವಾಗಬಹುದು. ಕಡಲ ಗಾಳಿಯಲ್ಲಿರುವ ಉಪ್ಪಿನ ಕ್ಲೋರೈಡ್ ಅಂಶವು ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಗಿಳಿದು ಸರಳನ್ನು ತಲುಪುತ್ತದೆ. ತುಕ್ಕಾದ ಕಬ್ಬಿಣವು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ, ಅದು ಒಳಗಿನಿಂದಲೇ ಕಾಂಕ್ರೀಟನ್ನು ಒಡೆಯುತ್ತದೆ. ಸರಳಿನ ಮೇಲಿನ ಹೊದಿಕೆ ಸಾಕಷ್ಟು ದಪ್ಪವಿಲ್ಲದಿದ್ದರೆ, ಅಥವಾ ಕಲಸುವಾಗ ತೀರದ ಉಸುಕನ್ನೇ ಬೆರೆಸಿದ್ದರೆ, ಹೊರಗಿನಿಂದ ಎಷ್ಟು ಬಣ್ಣ ಬಳಿದರೂ ಪ್ರಯೋಜನವಿಲ್ಲ. ಆದ್ದರಿಂದ ಆ ಹಳೆಯ ಅಡಿಪಾಯವನ್ನು ಪರೀಕ್ಷಿಸದೆ ಅದರ ಮೇಲೆ ಎರಡು ಅಂತಸ್ತು ಏರಿಸುವುದಕ್ಕೆ ನಾನಂತೂ ಸಹಿ ಹಾಕುತ್ತಿರಲಿಲ್ಲ.

ಎರಡನೆಯ ಮಾತು ಕರಾವಳಿ ನಿಯಂತ್ರಣ ವಲಯದ್ದು, ಅಂದರೆ ಕಡಲಂಚಿನಲ್ಲಿ ಏನು ಕಟ್ಟಬಹುದು ಎಂದು ಹೇಳುವ ಕೇಂದ್ರ ಸರ್ಕಾರದ ಅಧಿಸೂಚನೆಯದ್ದು. ಭರತದ ಗೆರೆಯಿಂದ, ಅಂದರೆ ಉಬ್ಬರದ ನೀರು ಮುಟ್ಟುವ ಗೆರೆಯಿಂದ, 200 ಮೀಟರ್ ಒಳಗೆ ಹೊಸ ಪಕ್ಕಾ ಕಟ್ಟಡಕ್ಕೆ ಅವಕಾಶವಿಲ್ಲ. ಅಂಗಡಿ ಮಳಿಗೆ ಇರುವ ನಕ್ಷೆಯನ್ನು ಯಾರು ಬರೆದರೋ, ಅವರು ಅಧಿಸೂಚನೆಯನ್ನು ಓದಿದಂತೆ ಕಾಣುವುದಿಲ್ಲ.

ಕಾನೂನು ಪುಸ್ತಕ
ಕಟ್ಟೋಣ ಅವರ ಮಾತಿಗೆ ಒಂದು ತಿದ್ದುಪಡಿ. 200 ಮೀಟರ್ ಎಂಬುದು 2011ರ ಅಧಿಸೂಚನೆಯಲ್ಲಿ ಗ್ರಾಮೀಣ ತೀರಗಳಿಗೆಲ್ಲ ಅನ್ವಯಿಸುತ್ತಿತ್ತು. 2019ರ ಅಧಿಸೂಚನೆಯು ಗ್ರಾಮೀಣ ತೀರವನ್ನು ಎರಡಾಗಿ ಒಡೆದಿದೆ: 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನರಿರುವ ಕಡೆ 50 ಮೀಟರ್, ಉಳಿದ ಕಡೆ 200 ಮೀಟರ್. ನಿಮ್ಮ ಗ್ರಾಮದಲ್ಲಿ ಅಷ್ಟು ದಟ್ಟ ವಸತಿ ಇರಲಾರದು, ಹಾಗಾಗಿ ಫಲಿತಾಂಶ ಅವರು ಹೇಳಿದಂತೆಯೇ ಆಗುತ್ತದೆ. ಆದರೆ ಸಭೆಯಲ್ಲಿ ಹಳೆಯ ಅಧಿಸೂಚನೆಯನ್ನು ಉಲ್ಲೇಖಿಸಿದರೆ ಎದುರಿನವರು ಅಷ್ಟನ್ನೇ ಹಿಡಿದುಕೊಂಡು ನಿಮ್ಮ ಉಳಿದ ಮಾತನ್ನೂ ತಳ್ಳಿಹಾಕುತ್ತಾರೆ. ಹೊಸ ಅಧಿಸೂಚನೆಯಲ್ಲಿ ಕಡಲತೀರದ ಮೇಲೆ ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಕುಡಿಯುವ ನೀರು, ಆಸನದಂತಹ ತಾತ್ಕಾಲಿಕ ಪ್ರವಾಸಿ ಸೌಲಭ್ಯಗಳಿಗೆ ಭರತದ ಗೆರೆಯಿಂದ ಕನಿಷ್ಠ 10 ಮೀಟರ್ ದೂರದಲ್ಲಿ ಅವಕಾಶವಿದೆ. ಕಳಚಿ ಒಯ್ಯಬಹುದಾದ ಗೋಪುರಕ್ಕೆ ಆ ದಾರಿಯಲ್ಲಿ ಅನುಮತಿ ಕೇಳುವುದು, ಪಕ್ಕಾ ಕಟ್ಟಡಕ್ಕೆ ಕೇಳುವುದಕ್ಕಿಂತ ಸುಗಮ.

ಕಟ್ಟೋಣ
ತಿದ್ದಿದ್ದಕ್ಕೆ ಧನ್ಯವಾದ. ನಾನು ನಿವೃತ್ತನಾಗುವಾಗ ಹಳೆಯದೇ ಜಾರಿಯಲ್ಲಿತ್ತು.

ಕೆಂಪು ಹಳದಿ
ನಾನು ಬೇರೊಂದು ತೀರದಲ್ಲಿ ಎಂಟು ವರ್ಷಗಳಿಂದ ಲೈಫ್‌ಗಾರ್ಡ್ ಆಗಿದ್ದೇನೆ. ಇಷ್ಟು ಹೊತ್ತು ಎಲ್ಲರೂ ಕಟ್ಟಡದ ಬಗ್ಗೆ ಮಾತನಾಡಿದ್ದೀರಿ, ಅದರೊಳಗೆ ಕುಳಿತುಕೊಳ್ಳುವವನ ಬಗ್ಗೆ ಯಾರೂ ಕೇಳಲಿಲ್ಲ.

ನೆಲದ ಮೇಲೆ ಕುರ್ಚಿಯಲ್ಲಿ ಕುಳಿತರೆ ನನ್ನ ಕಣ್ಣು ಉಸುಕಿನಿಂದ ನಾಲ್ಕು ಅಡಿ ಎತ್ತರದಲ್ಲಿರುತ್ತದೆ. ಮುಂದಿನ ತೆರೆ ಎದ್ದಾಗ ಅದರ ಹಿಂದಿನ ತಲೆಗಳೆಲ್ಲ ಮರೆಯಾಗುತ್ತವೆ. ಮುಳುಗುವವನು ಕೂಗುತ್ತಾನೆ, ಕೈ ಬೀಸುತ್ತಾನೆ ಎಂದು ಜನ ತಿಳಿದಿದ್ದಾರೆ. ನಾನು ನೋಡಿದವರಲ್ಲಿ ಬಹುತೇಕರು ಕೂಗಲೇ ಇಲ್ಲ. ತಲೆ ಹಿಂದಕ್ಕೆ ವಾಲಿರುತ್ತದೆ, ಬಾಯಿ ನೀರಿನ ಮಟ್ಟದಲ್ಲಿ ಏಳುತ್ತ ಮುಳುಗುತ್ತ ಇರುತ್ತದೆ, ಕೈಗಳು ನೀರನ್ನು ಕೆಳಗೆ ಒತ್ತುತ್ತಿರುತ್ತವೆ, ಉಸಿರಾಟಕ್ಕೇ ಸಾಲದ ಗಾಳಿಯಲ್ಲಿ ಕೂಗುವುದು ಹೇಗೆ? ಒಂದು ನಿಮಿಷ ತುಂಬುವ ಮೊದಲೇ ಎಲ್ಲ ಮುಗಿದಿರುತ್ತದೆ. ಅದನ್ನು ಮೇಲಿನಿಂದಲೇ ಗುರುತಿಸಬೇಕು.

ಇನ್ನು ಆ ಮುನ್ನೂರು ಮೀಟರಿನ ಲೆಕ್ಕ. ಒಣ ಉಸುಕಿನಲ್ಲಿ ಅಷ್ಟು ದೂರ ಓಡಲು ನನಗೆ ಒಂದೂವರೆ ನಿಮಿಷಕ್ಕೂ ಹೆಚ್ಚು ಬೇಕು, ಬೀಗ ತೆಗೆದು ಹಿಂದಿರುಗಿ ಬರುವುದು ಬೇರೆ. ಅಕ್ಕ, ಹೊಸ ಗೋಪುರ ಬರಲು ಎಷ್ಟು ದಿನವಾದರೂ ಆಗಲಿ, ಆ ಟ್ಯೂಬುಗಳನ್ನು ಇವತ್ತೇ ಗಾಳಿಮರದ ಹತ್ತಿರ ತರಿಸಿ.

ಗಾಳಿಮರದ ಮನೆ
ನಿಮ್ಮ ಮಾತು ಓದಿದ ಕೂಡಲೇ ಎದ್ದು ಹೋಗಿ ಹೇಳಿ ಬಂದೆ. ಈಗ ಟ್ಯೂಬುಗಳು ನಮ್ಮ ಮನೆಯ ಜಗಲಿಯಲ್ಲಿವೆ, ಅಲ್ಲಿಂದ ನೀರಿಗೆ ಅರವತ್ತು ಹೆಜ್ಜೆ.

ಪಾತಿದೋಣಿ
ಗೋಪುರ ಎಷ್ಟು ಎತ್ತರ ಎನ್ನುವ ಮೊದಲು ಅದು ಎಲ್ಲಿ ಎಂದು ಕೇಳಬೇಕಿತ್ತು. ನಾವು ತಲೆಮಾರುಗಳಿಂದ ಈ ಕಡಲಿನಲ್ಲೇ ಬದುಕಿದವರು. ಹೊಳೆ ಕಡಲು ಸೇರುವ ಅಳಿವೆ ಒಂದೇ ಕಡೆ ನಿಲ್ಲುವುದಿಲ್ಲ, ಒಂದು ಮಳೆಗಾಲ ತೆಂಕಕ್ಕೆ ಬಾಯಿ ಬಿಟ್ಟರೆ ಇನ್ನೊಂದು ಮಳೆಗಾಲ ಬಡಗಕ್ಕೆ ಸರಿಯುತ್ತದೆ, ಅದರ ಜೊತೆಗೆ ನೀರಿನೊಳಗಿನ ಉಸುಕಿನ ದಿಣ್ಣೆಗಳೂ ಸರಿಯುತ್ತವೆ. ತೆರೆ ದಿಣ್ಣೆಯ ಮೇಲೆ ಒಡೆದು ದಡಕ್ಕೆ ಬಂದ ನೀರು ಎರಡು ದಿಣ್ಣೆಗಳ ನಡುವಿನ ಸಂದಿನಿಂದ ಹಿಂದಕ್ಕೆ ಹೋಗಬೇಕಲ್ಲ, ಅಲ್ಲಿಯೇ ಸೆಳೆತ. ಆ ಜಾಗದಲ್ಲಿ ತೆರೆ ಒಡೆಯುವುದಿಲ್ಲ, ನೀರು ಸ್ವಲ್ಪ ಕಪ್ಪಾಗಿ, ಸಮಾಧಾನವಾಗಿ ಕಾಣುತ್ತದೆ. ಘಟ್ಟದ ಮೇಲಿನಿಂದ ಬಂದವರು ಮಕ್ಕಳನ್ನು ಕರೆದುಕೊಂಡು ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ.

ಇನ್ನೊಂದು ವಿಷಯ ಯಾವ ನಕ್ಷೆಯಲ್ಲೂ ಇರುವುದಿಲ್ಲ. ನಮ್ಮ ಕರಾವಳಿಯಲ್ಲಿ ಅಮಾಸೆ ಹುಣ್ಣಿಮೆಯ ಆಸುಪಾಸಿಗೆ ಇಳಿತ ಬೀಳುವುದು ಸಂಜೆಯ ಹೊತ್ತಿಗೆ. ಇಳಿತದಲ್ಲಿ ಸೆಳೆತದ ಜೋರು ಹೆಚ್ಚು. ಸೂರ್ಯ ಮುಳುಗುವುದನ್ನು ನೋಡಲು ಜನ ನೀರಿಗೆ ಇಳಿಯುವುದೂ ಅದೇ ಹೊತ್ತಿಗೆ. ಹುಣ್ಣಿಮೆ ಭಾನುವಾರ ಬಂದರೆ ನಮ್ಮ ಮನೆಯ ಹೆಂಗಸರು ದಡದ ಕಡೆ ಒಂದು ಕಣ್ಣಿಟ್ಟೇ ಇರುತ್ತಾರೆ.

ದೂರದ ಊರವ
ನಾನು ಬೆಂಗಳೂರಿನವನು. ಇಷ್ಟೆಲ್ಲ ಅಪಾಯವಿದೆಯೆಂದ ಮೇಲೆ ನೀರಿಗಿಳಿಯುವುದನ್ನೇ ನಿಷೇಧಿಸಿ ಬೇಲಿ ಹಾಕುವುದು ಒಳ್ಳೆಯದಲ್ಲವೇ? 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಮುಳಬಾಗಿಲು ಕಡೆಯ ವಸತಿ ಶಾಲೆಯ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ನನ್ನ ಮಗಳ ವಯಸ್ಸಿನ ಮಕ್ಕಳು. ಆ ಸುದ್ದಿಯ ನಂತರ ಗೋಪುರ, ಬಾವುಟ ಇವುಗಳ ಮೇಲೆ ನನಗೆ ನಂಬಿಕೆ ಉಳಿದಿಲ್ಲ.

ಕೆಂಪು ಹಳದಿ
ಆ ದಿನದ ಸುದ್ದಿ ಕೇಳಿ ನಾವು ಯಾರೂ ರಾತ್ರಿ ಊಟ ಮಾಡಲಿಲ್ಲ, ಅಣ್ಣ. ಆದರೆ ನಿಷೇಧದ ಮಾತನ್ನು ನಾನು ಒಪ್ಪಲಾರೆ. ಮುರುಡೇಶ್ವರದ ತೀರವನ್ನು ಆಗ ಕೆಲವು ಕಾಲ ಮುಚ್ಚಿದ್ದರು. ಆಮೇಲೆ ತೆರೆಯುವಾಗ ಈಜುವ ಜಾಗವನ್ನು ಗುರುತು ಮಾಡಲೇಬೇಕಾಯಿತು. ಸುಮಾರು 320 ಕಿಲೋಮೀಟರ್ ಉದ್ದದ ಕರಾವಳಿಗೆ ಬೇಲಿ ಹಾಕುವುದು ಆಗದ ಕೆಲಸ, ಇಲ್ಲಿ ಹಾಕಿದರೆ ಜನ ಕಾವಲಿಲ್ಲದ ಪಕ್ಕದ ತೀರಕ್ಕೆ ಹೋಗುತ್ತಾರೆ. ಮಳೆಗಾಲದಲ್ಲಿ ನಿಷೇಧ ಬೇಕು, ಅದಕ್ಕೆ ನನ್ನ ತಕರಾರಿಲ್ಲ. ಉಳಿದ ಎಂಟು ತಿಂಗಳು ಕಾವಲಿರುವ ಜಾಗ ಯಾವುದು ಎಂದು ದೂರದಿಂದಲೇ ಕಾಣುವಂತಿರಬೇಕು.

ದೂರದ ಊರವ
ಕಾಣುವಂತಿದ್ದರೂ ಕೇಳದವರನ್ನು ಏನು ಮಾಡುತ್ತೀರಿ?

ಕೆಂಪು ಹಳದಿ
ಸೀಟಿ ಹೊಡೆಯುತ್ತೇವೆ, ಹತ್ತಿರ ಹೋಗಿ ಕೈಮುಗಿದು ಹೇಳುತ್ತೇವೆ, ಬೈಸಿಕೊಳ್ಳುತ್ತೇವೆ. ಸಮವಸ್ತ್ರ, ಧ್ವನಿವರ್ಧಕ, ಎತ್ತರದ ಒಂದು ಜಾಗ ಇದ್ದರೆ ಹತ್ತರಲ್ಲಿ ಎಂಟು ಜನ ಕೇಳುತ್ತಾರೆ. ಮರದ ಕೆಳಗೆ ಕುರ್ಚಿ ಹಾಕಿ ಕುಳಿತವನನ್ನು ಐಸ್‌ಕ್ರೀಮ್ ಮಾರುವವನೆಂದು ತಿಳಿಯುತ್ತಾರೆ.

ಸಿಡ್ನಿ ಕನ್ನಡತಿ
ನಾನು ಕುಮಟಾದವಳು, ಹನ್ನೆರಡು ವರ್ಷಗಳಿಂದ ಸಿಡ್ನಿಯಲ್ಲಿದ್ದೇನೆ. ಇಲ್ಲಿನ ಬೊಂಡೈ ತೀರದಲ್ಲಿ ಜೀವರಕ್ಷಕರ ಸಂಘ 1907ರಲ್ಲಿ ಶುರುವಾಯಿತು. 1938ರ ಫೆಬ್ರವರಿ 6ರಂದು ಒಂದರ ಹಿಂದೊಂದು ದೊಡ್ಡ ತೆರೆಗಳು ಬಂದು ನೂರಾರು ಜನರನ್ನು ಒಮ್ಮೆಲೇ ಒಳಕ್ಕೆ ಎಳೆದಾಗ ಸತ್ತವರು ಐದು ಜನ. ಅಂದು ಸಂಘದ ಸ್ವಯಂಸೇವಕರು ದಡದಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಇದ್ದುದರಿಂದ ಉಳಿದವರೆಲ್ಲ ಬದುಕಿದರು.

ಪಾತಿದೋಣಿಯವರು ಹೇಳಿದ ಮಾತನ್ನು ಇಲ್ಲಿ ದಿನವೂ ಆಚರಣೆಯಲ್ಲಿ ನೋಡುತ್ತೇನೆ. ಬೆಳಿಗ್ಗೆ ರಕ್ಷಕರು ಬಂದು ಕಡಲನ್ನು ನೋಡಿ, ಆ ದಿನ ಸೆಳೆತವಿಲ್ಲದ ಜಾಗವನ್ನು ಆರಿಸಿ, ಅದರ ಎರಡು ಕಡೆ ಮೇಲೆ ಕೆಂಪು ಕೆಳಗೆ ಹಳದಿ ಇರುವ ಬಾವುಟಗಳನ್ನು ನೆಡುತ್ತಾರೆ. ಜನ ಈಜುವುದು ಆ ಎರಡರ ನಡುವೆ ಮಾತ್ರ. ಮಧ್ಯಾಹ್ನ ನೀರಿನ ರೀತಿ ಬದಲಾದರೆ ಬಾವುಟಗಳನ್ನು ಕಿತ್ತು ಬೇರೆಡೆ ನೆಡುತ್ತಾರೆ. ಪಕ್ಕಾ ಕಟ್ಟಡ ಹಿಂದೆ ಇದೆ, ಅದು ಸಾಮಾನು ಇಡಲು, ಪ್ರಥಮ ಚಿಕಿತ್ಸೆಗೆ, ತರಬೇತಿಗೆ. ನನ್ನ ಮಗ ಶಾಲೆಗೆ ಸೇರಿದ ವರ್ಷವೇ ಬಾವುಟಗಳ ಅರ್ಥ ಕಲಿತು ಬಂದು ನನಗೆ ಹೇಳಿಕೊಟ್ಟ. ಕಡಲ ಮಗಳಾದ ನನಗೆ ಅಲ್ಲಿಯವರೆಗೆ ಅದು ತಿಳಿದಿರಲಿಲ್ಲ ಎಂಬುದು ಈಗಲೂ ಮನಸ್ಸಿಗೆ ನೋವಾಗುತ್ತದೆ.

ಕಟ್ಟೋಣ
ಬಾವುಟ ಸರಿಸಬಹುದು, ಗೋಪುರವನ್ನು ದಿನವೂ ಸರಿಸುವುದು ಹೇಗೆ? ತೂಕ ಕಡಿಮೆ ಮಾಡಿದರೆ ಗಾಳಿಗೆ ಉರುಳುತ್ತದೆ, ಹೆಚ್ಚು ಮಾಡಿದರೆ ಉಸುಕಿನಲ್ಲಿ ಹೂತುಹೋಗುತ್ತದೆ. ಹಗುರವಾದ ಗೋಪುರವನ್ನು ಕಟ್ಟಿ ಮೊದಲ ಮುಂಗಾರು ಗಾಳಿಯಲ್ಲಿ ಕಳೆದುಕೊಂಡರೆ ಜನ ನಿಮ್ಮನ್ನೇ ದೂರುತ್ತಾರೆ.

ಮಾಂಡವಿ ದಂಡೆ
ಗೋವಾದಲ್ಲಿ ಕೆಲಸ ಮಾಡುವ ಕಾರವಾರದವನು ನಾನು. ಇಲ್ಲಿ 2008ರಲ್ಲಿ ಸರ್ಕಾರ ತೀರಗಳ ಕಾವಲನ್ನು ದೃಷ್ಟಿ ಎಂಬ ಸಂಸ್ಥೆಗೆ ಒಪ್ಪಿಸಿತು; ಅಂದಿನಿಂದ ಗೋಪುರ, ಜೀಪು, ಜೆಟ್ ಸ್ಕೀ, ತರಬೇತಿ ಎಲ್ಲವೂ ಒಂದೇ ವ್ಯವಸ್ಥೆಯಡಿ ನಡೆಯುತ್ತಿವೆ. ದಿನವೂ ಸರಿಸಬೇಕಾಗಿಲ್ಲ, ಕಟ್ಟೋಣ ಅವರೇ. ಮಳೆಗಾಲಕ್ಕೆ ಮುಂಚೆ ಕಳಚಿ ಒಳಗಿಟ್ಟು, ಮಳೆ ನಿಂತ ಮೇಲೆ ದಿಣ್ಣೆಗಳು ಎಲ್ಲಿ ಕೂತಿವೆ ಎಂದು ನೋಡಿ ಮತ್ತೆ ನಿಲ್ಲಿಸಿದರೆ ವರ್ಷಕ್ಕೆ ಒಮ್ಮೆ ಸರಿಸಿದಂತಾಯಿತು. ಗೋಪುರದಿಂದ ದೂರದ ತುದಿಗೆ ಕಾಲ್ನಡಿಗೆಯ ಕಾವಲು ಬೇಕೇ ಬೇಕು.

ಕಟ್ಟೋಣ
ವರ್ಷಕ್ಕೊಮ್ಮೆ ಎಂದರೆ ನಾನು ಒಪ್ಪುತ್ತೇನೆ, ಅದು ಸಾಧ್ಯವಿರುವ ಕೆಲಸ. ಹಾಗಾದರೆ ಮರ ಅಥವಾ ಫೈಬರ್ ಬಳಸಿ. ಬೋಲ್ಟು, ತಿರುಪುಗಳು ಮಾತ್ರ 316 ದರ್ಜೆಯ ಸ್ಟೇನ್‌ಲೆಸ್ ಉಕ್ಕಿನವಾಗಿರಲಿ. ಸಾಮಾನ್ಯ ಬೋಲ್ಟು ಎರಡು ವರ್ಷದಲ್ಲಿ ಕಚ್ಚಿಕೊಂಡರೆ ಕಳಚುವ ಗೋಪುರವೂ ಕಳಚದ ಗೋಪುರವಾಗುತ್ತದೆ. ಕಾಲುಗಳ ಕೆಳಗೆ ಅಗಲವಾದ ಹಾಸುಹಲಗೆ ಕೊಟ್ಟರೆ ಹೂತುಹೋಗುವುದಿಲ್ಲ.

ಬೆಳಗಿನ ನಡಿಗೆ
ಇದೆಲ್ಲದರ ಜೊತೆಗೆ ವಾಹನ ನಿಲ್ಲಿಸುವ ಜಾಗದ ಬಗ್ಗೆಯೂ ಸಭೆಯಲ್ಲಿ ಮಾತಾಡಿ. ಭಾನುವಾರ ನಮ್ಮೂರಿನ ರಸ್ತೆಯಲ್ಲಿ ನಡೆಯಲು ಆಗುವುದಿಲ್ಲ. ಮೀನು ಒಣಗಿಸುವ ಜಾಗದಲ್ಲೂ ಬಸ್ಸುಗಳನ್ನು ನಿಲ್ಲಿಸುತ್ತಾರೆ.

ಪಾತಿದೋಣಿ
ಬಸ್ಸಿನ ವಿಷಯ ಇನ್ನೊಂದು ದಿನ ಆಗಲಿ, ಅದನ್ನು ಶುರು ಮಾಡಿದರೆ ಗೋಪುರದ ಮಾತು ಮುಗಿಯುವುದಿಲ್ಲ. ಆದರೆ ಜಾಗದ ವಿಷಯ ಬಂದದ್ದರಿಂದ ಹೇಳುತ್ತೇನೆ: ಗೋಪುರವನ್ನು ಎಲ್ಲೇ ನಿಲ್ಲಿಸಿ, ನಾವು ಕೈರಂಪಣಿ ಎಳೆಯುವ ದಡವನ್ನು ಬಿಟ್ಟುಬಿಡಿ. ಬಲೆ ಎಳೆಯುವಾಗ ಎರಡು ಹಗ್ಗದ ನಡುವೆ ಪ್ರವಾಸಿಗರು ಬಂದರೆ ಅವರಿಗೂ ಕಷ್ಟ, ನಮಗೂ ನಷ್ಟ.

ದಾದಿ
ನಾನು ತಾಲೂಕು ಮಟ್ಟದ ಆಸ್ಪತ್ರೆಯೊಂದರಲ್ಲಿ ನರ್ಸ್. ನೀರಿನಿಂದ ಹೊರಗೆ ತಂದ ಮೇಲಿನ ಮಾತನ್ನು ಯಾರೂ ಆಡಿಲ್ಲ. ಆಮ್ಲಜನಕ ಸಿಗದಿದ್ದರೆ ನಾಲ್ಕರಿಂದ ಆರು ನಿಮಿಷಗಳಲ್ಲಿ ಮೆದುಳಿಗೆ ಹಾನಿಯಾಗಲು ಶುರುವಾಗುತ್ತದೆ. ಮುಳುಗಿದವರಲ್ಲಿ ಸಮಸ್ಯೆ ಶುರುವಾಗಿದ್ದೇ ಉಸಿರಿನಿಂದ, ಆದ್ದರಿಂದ ಎದೆ ಒತ್ತುವುದರ ಜೊತೆಗೆ ಬಾಯಿಯಿಂದ ಅಥವಾ ಮಾಸ್ಕಿನಿಂದ ಉಸಿರು ಕೊಡಲೇಬೇಕು. ಹೃದಯಾಘಾತದಲ್ಲಿ ಮಾಡುವಂತೆ ಬರಿ ಎದೆ ಒತ್ತಿದರೆ ಸಾಲದು. ನಮ್ಮ ಕಡೆ ಇಂದಿಗೂ ಮುಳುಗಿದವನನ್ನು ಹೊಟ್ಟೆಯ ಮೇಲೆ ಮಲಗಿಸಿ ನೀರು ಕಕ್ಕಿಸುತ್ತಾರೆ, ಕೆಲವರು ತಲೆಯ ಮೇಲೆ ಹೊತ್ತು ತಿರುಗಿಸುತ್ತಾರೆ. ಅಷ್ಟರಲ್ಲಿ ಆ ಆರು ನಿಮಿಷ ಮುಗಿದಿರುತ್ತದೆ. ಹಾಗೆ ತಡವಾಗಿ ಬಂದ ಹುಡುಗನೊಬ್ಬನನ್ನು ನಾನು ನನ್ನ ಕೈಯಲ್ಲೇ ಕಳೆದುಕೊಂಡಿದ್ದೇನೆ.

ಆದ್ದರಿಂದ ನಕ್ಷೆಯಲ್ಲಿ ಅಂಗಡಿ ಮಳಿಗೆ ಇರುವ ಜಾಗದಲ್ಲಿ ಒಂದು ಪ್ರಥಮ ಚಿಕಿತ್ಸಾ ಕೋಣೆಯನ್ನು ಕೇಳಿ. ಆಮ್ಲಜನಕದ ಸಿಲಿಂಡರ್, ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ಬೆನ್ನುಮೂಳೆಗೆ ಪೆಟ್ಟಾದವರನ್ನು ಮಲಗಿಸುವ ಹಲಗೆ, ಒಣ ಕಂಬಳಿ ಇರಬೇಕು. ಕೋಣೆಯ ಬಾಗಿಲವರೆಗೂ ಆಂಬುಲೆನ್ಸ್ ಬರಬೇಕು, ಉಸುಕಿನಲ್ಲಿ ಚಕ್ರ ಹೂತರೆ ಎಲ್ಲವೂ ವ್ಯರ್ಥ.

ಕಾನೂನು ಪುಸ್ತಕ
ಆ ಕೋಣೆಯನ್ನು ಹಿಂದೆ, ರಸ್ತೆಯ ಪಕ್ಕ, ಈಗಿರುವ ಶೌಚಾಲಯದ ಕಟ್ಟಡಕ್ಕೆ ಸೇರಿಸಿ ಮಾಡಬಹುದೇ ಎಂದು ವಿಚಾರಿಸಿ. ಅನುಮತಿಯ ತೊಡಕು ಕಡಿಮೆಯಾಗಬಹುದು.

ನೀರಿಗಿಳಿದವಳು
ನಾನು ಈಜು ತರಬೇತಿ ಪಡೆದವಳು, ತೀರದ ಕಾವಲಿಗೆ ಅರ್ಜಿ ಹಾಕಬೇಕೆಂದು ಎರಡು ಬಾರಿ ಯೋಚಿಸಿ ಬಿಟ್ಟೆ. ಹತ್ತು ಗಂಟೆ ದಡದಲ್ಲಿರಬೇಕಾದ ಹೆಂಗಸಿಗೆ ಒದ್ದೆ ಬಟ್ಟೆ ಬದಲಿಸುವ ಬಾಗಿಲಿರುವ ಕೋಣೆ, ಹತ್ತಿರದಲ್ಲಿ ಶೌಚಾಲಯ ಇಲ್ಲದಿದ್ದರೆ ಆ ಕೆಲಸ ಮಾಡುವುದು ಹೇಗೆ? ನೀರಿಗೆ ಇಳಿಯುವವರಲ್ಲಿ ಅರ್ಧದಷ್ಟು ಹೆಂಗಸರು, ಹುಡುಗಿಯರು. ಗಂಡಸು ಸೀಟಿ ಹೊಡೆದು ಹತ್ತಿರ ಬಂದರೆ ಮುದುಡಿ ಇನ್ನಷ್ಟು ಆಳಕ್ಕೆ ಸರಿಯುವ ಹುಡುಗಿಯರನ್ನು ನಾನು ನೋಡಿದ್ದೇನೆ. ಹೊಸ ಕಟ್ಟಡದಲ್ಲಿ ಈ ಕೋಣೆ ಇಲ್ಲದಿದ್ದರೆ ಇನ್ನು ಇಪ್ಪತ್ತು ವರ್ಷ ಯಾವ ಹುಡುಗಿಯೂ ಈ ಕೆಲಸಕ್ಕೆ ಬರುವುದಿಲ್ಲ.

ಕೆಂಪು ಹಳದಿ
ತಂಗಿ ಹೇಳಿದ್ದು ನಿಜ, ನಮ್ಮ ತೀರದಲ್ಲೂ ಒಬ್ಬಳೂ ಇಲ್ಲ.

ಇನ್ನೊಂದು ಮಾತು ಬಿಟ್ಟುಹೋಗಿತ್ತು. ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿದೆ. ಮಧ್ಯಾಹ್ನ ಮೂರರ ನಂತರ ಬಿಸಿಲು ನೇರ ಕಣ್ಣಿಗೆ ಹೊಡೆಯುತ್ತದೆ, ನೀರು ಕನ್ನಡಿಯಂತೆ ಹೊಳೆಯುತ್ತದೆ, ತಲೆ ಯಾವುದು ತೆರೆ ಯಾವುದು ತಿಳಿಯುವುದಿಲ್ಲ. ಪ್ರಸ್ತಾಪದಲ್ಲಿರುವ ಜಗಲಿಗೆ ಗಾಜು ಹಾಕುವುದಾದರೆ ಉಪ್ಪು ಹಿಡಿದು ವಾರದಲ್ಲಿ ಮಬ್ಬಾಗುತ್ತದೆ. ನಮಗೆ ಗಾಜು ಬೇಡ. ಮುಂದಕ್ಕೆ ಚಾಚಿದ ಮಾಡು, ಹೊಳಪು ತಡೆಯುವ ಪೋಲರಾಯ್ಡ್ ಕನ್ನಡಕ, ದುರ್ಬೀನು ಕೊಡಿ, ನೀರನ್ನು ಓರೆಯಾಗಿ ನೋಡಲು ಬರುವಂತೆ ಎರಡೂ ಪಕ್ಕ ತೆರೆದಿರಲಿ. ಪ್ರವಾಸಿಗರನ್ನು ಮೇಲೆ ಹತ್ತಿಸುವುದಂತೂ ಬೇಡವೇ ಬೇಡ. ಫೋಟೋ ತೆಗೆದುಕೊಡಿ ಎಂದು ಮೊಬೈಲು ಕೈಗೆ ಕೊಡುತ್ತಾರೆ. ಆ ಅರ್ಧ ನಿಮಿಷ ನನ್ನ ಕಣ್ಣು ನೀರಿನ ಮೇಲಿರುವುದಿಲ್ಲ.

ಆಮೆಗೂಡು
ರಾತ್ರಿ ದೀಪದ ವಿಷಯದಲ್ಲಿ ಎಚ್ಚರವಿರಲಿ. ಹೊನ್ನಾವರದ ಕಡೆ ಕಡಲಾಮೆಗಳು ಮೊಟ್ಟೆಯಿಡಲು ದಡಕ್ಕೆ ಬರುತ್ತವೆ, ನಿಮ್ಮ ತೀರಕ್ಕೂ ಬರಬಹುದು. ಗೋಪುರದ ಮೇಲೆ ಬಿಳಿಯ ದೊಡ್ಡ ದೀಪ ಉರಿಸಿದರೆ ಮರಿಗಳು ಕಡಲು ಬಿಟ್ಟು ಬೆಳಕಿನ ಕಡೆ ನಡೆಯುತ್ತವೆ. ಅಮೆರಿಕದ ಸ್ಯಾನ್ ಡಿಯಾಗೊ ನಗರದ ಚಿಲ್ಡ್ರನ್ಸ್ ಪೂಲ್ ತೀರದಲ್ಲಿ ಹಳೆಯ ಲೈಫ್‌ಗಾರ್ಡ್ ಕಟ್ಟಡವನ್ನು ಬದಲಿಸುವಾಗ ಸೀಲ್ ಪ್ರಾಣಿಗಳು ಮರಿ ಹಾಕುವ ತಿಂಗಳುಗಳಲ್ಲಿ ಕೆಲಸ ನಿಲ್ಲಿಸಬೇಕಾಗಿ ಬಂದು ಕಾಮಗಾರಿ ವರ್ಷಗಟ್ಟಲೆ ಎಳೆಯಿತು. ಅರಣ್ಯ ಇಲಾಖೆಯವರನ್ನು ಈಗಲೇ ಕೇಳಿಕೊಂಡರೆ ನಿಮಗೆ ಅಂತಹ ತಡೆ ಬರುವುದಿಲ್ಲ.

ಮಾಂಡವಿ ದಂಡೆ
ಅಮೆರಿಕದ ಮಾತು ಬಂದದ್ದರಿಂದ ಇನ್ನೊಂದು: ಮಯಾಮಿ ಬೀಚಿನಲ್ಲಿ 1992ರ ಆಂಡ್ರ್ಯೂ ಚಂಡಮಾರುತದ ನಂತರ ಕಟ್ಟಿದ ಗೋಪುರಗಳಿಗೆ ಬೇರೆ ಬೇರೆ ರೂಪ, ಬೇರೆ ಬೇರೆ ಬಣ್ಣ ಕೊಟ್ಟರು. ಅದು ನೋಡಲು ಚೆಂದವೆಂಬುದು ಒಂದು ಕಡೆಯಾದರೆ, ಆಪತ್ತಿನಲ್ಲಿ ಕರೆ ಮಾಡುವವನು ತಾನಿರುವ ಜಾಗವನ್ನು ಗೋಪುರದ ಬಣ್ಣದಿಂದಲೇ ಹೇಳಬಹುದು. ನಿಮ್ಮದಕ್ಕೆ ಒಂದು ದೊಡ್ಡ ಅಂಕಿಯನ್ನಾದರೂ ಬರೆಸಿ.

ದೂರದ ಊರವ
ಇಷ್ಟನ್ನೂ ಓದಿದ ಮೇಲೆ ಬೇಲಿಯ ಮಾತನ್ನು ನಾನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಒಂದೇ ಪ್ರಶ್ನೆ: ನನ್ನಂತಹವನು ಸೆಳೆತಕ್ಕೆ ಸಿಕ್ಕರೆ ಏನು ಮಾಡಬೇಕು?

ಪಾತಿದೋಣಿ
ದಡದ ಕಡೆ ಈಜಬೇಡಿ, ಎಂತಹ ಈಜುಗಾರನೂ ಅದರ ಎದುರು ಸೋಲುತ್ತಾನೆ. ತೇಲಿಕೊಂಡಿರಿ, ಕೈ ಎತ್ತಿ ತೋರಿಸಿ, ಶಕ್ತಿ ಇದ್ದರೆ ದಡಕ್ಕೆ ಸಮನಾಗಿ ಪಕ್ಕಕ್ಕೆ ಈಜಿ. ತೆರೆ ಒಡೆಯುವ ಬಿಳಿ ನೀರು ಸಿಕ್ಕ ಕೂಡಲೇ ಅದು ನಿಮ್ಮನ್ನು ದಡದ ಕಡೆಗೆ ತಳ್ಳುತ್ತದೆ.

ಗಾಳಿಮರದ ಮನೆ
ಎಲ್ಲರ ಮಾತನ್ನೂ ಕೂಡಿಸಿ ಮನವಿಯೊಂದನ್ನು ಬರೆದಿದ್ದೇನೆ. ಬಂದ ಹಣವನ್ನು ಬೇಡವೆನ್ನುವುದಿಲ್ಲ, ಅದನ್ನು ಎರಡಾಗಿ ಹಂಚಿ ಎಂದು ಕೇಳುತ್ತೇವೆ: ತೀರದಲ್ಲಿ ಕಳಚಿ ಜೋಡಿಸುವ ಗೋಪುರ, ಹಿಂದೆ ರಸ್ತೆಯ ಪಕ್ಕ ಚಿಕಿತ್ಸೆಗೆ ಒಂದು ಕೋಣೆ, ಹೆಂಗಸರಿಗೆ ಒಂದು ಕೋಣೆ. ಅಂಗಡಿಯೂ ಬೇಡ, ವೀಕ್ಷಣಾ ಜಗಲಿಯೂ ಬೇಡ. ಗೋಪುರದ ಜಾಗವನ್ನು ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಲೈಫ್‌ಗಾರ್ಡುಗಳು ಮತ್ತು ಮೀನುಗಾರರು ಸೇರಿ ಗುರುತಿಸಬೇಕೆಂಬ ಸಾಲನ್ನು ಮೊದಲಿಗೇ ಹಾಕಿದ್ದೇನೆ. ಆದರೆ ಈ ವರ್ಷದ ಜಾಗ ಯಾವುದೆಂದು ಸಭೆಯಲ್ಲಿ ಕೇಳಿದರೆ ತೋರಿಸಲು ನನ್ನಲ್ಲಿ ಏನೂ ಇಲ್ಲ.

ಪಾತಿದೋಣಿ
ಬರುವ ಅಮಾಸೆಯ ಸಂಜೆ ಇಳಿತದ ಹೊತ್ತಿಗೆ ದಡಕ್ಕೆ ಬನ್ನಿ, ಅಕ್ಕ. ದಿಣ್ಣೆಗಳ ಬೆನ್ನು ಹೊರಗೆ ಕಾಣುತ್ತದೆ, ನಡುವಿನ ಸಂದೂ ಕಾಣುತ್ತದೆ. ನಾನು ಅಳಿವೆಯಿಂದ ಶುರುಮಾಡಿ ಗೂಟ ನೆಟ್ಟುಕೊಂಡು ಬರುತ್ತೇನೆ, ನೀವು ಫೋಟೋ ತೆಗೆದುಕೊಳ್ಳಿ. ನಿಮ್ಮೂರಿನ ಇಬ್ಬರು ಲೈಫ್‌ಗಾರ್ಡುಗಳನ್ನೂ ಕರೆಯಿರಿ.

ಕೆಂಪು ಹಳದಿ
ಆ ದಿನ ನನಗೆ ರಜೆ ಇದೆ, ನಾನೂ ಬರುತ್ತೇನೆ. ಹನ್ನೆರಡು ಅಡಿಯ ಬಿದಿರಿನ ಏಣಿಯೊಂದನ್ನು ಸಿದ್ಧವಾಗಿಡಿ. ಪ್ರತಿ ಗೂಟದ ಹತ್ತಿರವೂ ಅದನ್ನು ನಿಲ್ಲಿಸಿ ಹತ್ತಿ, ಎಲ್ಲಿಂದ ಎಲ್ಲಿಯವರೆಗೆ ನೀರು ಕಾಣುತ್ತದೆ ಎಂದು ಬರೆದುಕೊಳ್ಳೋಣ.